ಇಂಜೆಕ್ಟರ್ ಕ್ಲೀನರ್ ಬಾಟಲಿ: ಕೊಡಗಿನ ಗಾಡಿಗೆ ಯಾವಾಗ, ಎಷ್ಟು, ಹೇಗೆ

ಮಳೆ ನಿಂತು ಕಾಫಿ ಕುಯ್ಲು ಶುರುವಾಗುವ ಮೊದಲು ಸಿಗುವ ಒಂದೂವರೆ ತಿಂಗಳಲ್ಲಿ ಕೊಡಗಿನ ಗ್ಯಾರೇಜುಗಳಿಗೆ ಬಿಡುವಿರುವುದಿಲ್ಲ. ನಾಲ್ಕು ತಿಂಗಳು ಶೆಡ್ಡಿನಲ್ಲಿ ತಂಡಿ ಹಿಡಿದು ನಿಂತಿದ್ದ ಕಾರುಗಳೆಲ್ಲ ಒಟ್ಟಿಗೆ ಹೊರಬರುತ್ತವೆ. ದೂರು ಹೆಚ್ಚುಕಡಿಮೆ ಒಂದೇ: "ಪಿಕಪ್ ಇಲ್ಲ", "ಮಿಸ್ ಹೊಡೀತದೆ", "ಬೆಳಿಗ್ಗೆ ಮೂರು ಸಲ ಸೆಲ್ಫ್ ಹೊಡೆದರೇ ಸ್ಟಾರ್ಟ್". ಪರಿಹಾರವೂ ಹಲವು ಕಡೆ ಒಂದೇ. ಮೇಜಿನ ಮೇಲಿಂದ ಅಂಗೈ ಅಗಲದ ಬಾಟಲಿ ತೆಗೆದುಕೊಟ್ಟು, "ಟ್ಯಾಂಕಿಗೆ ಹಾಕಿ, ಸರಿಹೋಗ್ತದೆ" ಎನ್ನುತ್ತಾರೆ.

ನಾನೂ ಒಂದು ಮಳೆಗಾಲ ಹಾಗೆ ಎರಡು ಬಾಟಲಿ ಸುರಿದವನೇ. ಸಂಪಾಜೆ ಘಾಟಿ ಹತ್ತುವಾಗ ಎರಡನೇ ಗೇರಿನಲ್ಲಿ ಗಾಡಿ ತಡವರಿಸುತ್ತಿತ್ತು. ಒಂದು ಗ್ಯಾರೇಜಿನವರು ಎಂಜಿನ್ನಿಗೆ ಪೆಟ್ರೋಲ್ ಸಿಂಪಡಿಸುವ ಇಂಜೆಕ್ಟರ್‌ನಲ್ಲಿ ಕಸ ಅಂದರು. ಎರಡು ಟ್ಯಾಂಕ್ ಖಾಲಿಯಾದರೂ ತಡವರಿಕೆ ಹೋಗಲಿಲ್ಲ. ಕೊನೆಗೆ ನಮ್ಮೂರಿನ ಮೆಕ್ಯಾನಿಕ್ ಹುಡುಗ ಬಾನೆಟ್ ಎತ್ತಿ, ಪ್ಲಗ್ಗಿಗೆ ಕಿಡಿಯ ಕರೆಂಟ್ ಕೊಡುವ ಇಗ್ನಿಷನ್ ಕಾಯಿಲ್‌ಗಳನ್ನು ಒಂದೊಂದಾಗಿ ಕಳಚಿ, ಮೂರನೆಯದರ ರಬ್ಬರಿನಲ್ಲಿದ್ದ ಸೀಳನ್ನೂ ಒಳಗಿನ ಪಸೆಯನ್ನೂ ತೋರಿಸಿದ. "ಅಣ್ಣಾ, ಕಾಲು ಮುರಿದವನಿಗೆ ಕೆಮ್ಮಿನ ಸಿರಪ್ ಕುಡಿಸಿದ್ದೀರಲ್ಲ" ಅಂದ.

ಹಾಗಂತ ಬಾಟಲಿ ಮೋಸವಲ್ಲ. ಅದು ತೊಳೆಯುವ ವಸ್ತು, ರಿಪೇರಿ ಮಾಡುವ ವಸ್ತುವಲ್ಲ, ಅಷ್ಟೇ. ಕೊಳೆ ಇರುವ ಕಡೆ, ಸರಿಯಾದ ಅಳತೆಯಲ್ಲಿ, ಸರಿಯಾದ ದಿನ ಹಾಕಿದರೆ ಕೆಲಸ ಮಾಡುತ್ತದೆ. ಆ ದಿನ ಯಾವುದೆನ್ನುವುದು ನಮ್ಮ ಜಿಲ್ಲೆಯಲ್ಲಿ ಮುಖ್ಯ.

ಕೊಳೆ ಎಲ್ಲಿ ಕೂರುತ್ತದೆ

ತೋಟಕ್ಕೆ ಮೈಲುತುತ್ತ ಸುಣ್ಣದ ಬೋರ್ಡೋ ದ್ರಾವಣ ಹೊಡೆಯುವಾಗ ಗನ್ನಿನ ನಾಝಲ್‌ಗೆ ಸುಣ್ಣದ ಕಣ ಸಿಕ್ಕಿಕೊಂಡರೆ ಏನಾಗುತ್ತದೆ ನೋಡಿದ್ದೀರಲ್ಲ. ಮಂಜಿನಂತೆ ಹರಡಬೇಕಾದ ದ್ರಾವಣ ಪಿಚಕಾರಿಯಂತೆ ಒಂದೇ ಕಡೆ ಚಿಮ್ಮುತ್ತದೆ. ಎಲೆಯ ಅಡಿಭಾಗ ಒಣಗಿಯೇ ಉಳಿಯುತ್ತದೆ. ಇಂಜೆಕ್ಟರ್ ಕತೆಯೂ ಇದೇ. ಪೆಟ್ರೋಲ್ ಸಣ್ಣ ಹನಿಗಳಾಗಿ ಗಾಳಿಯಲ್ಲಿ ಬೆರೆತರೆ ಪೂರ್ತಿ ಉರಿಯುತ್ತದೆ, ದಪ್ಪ ಹನಿಯಾಗಿ ಬಿದ್ದರೆ ಅರ್ಧಂಬರ್ಧ ಉರಿದು ಮಸಿಯಾಗುತ್ತದೆ.

ಆ ಕೊಳೆ ಹೆಚ್ಚಾಗಿ ಹೊರಗಿಂದ ಬಂದ ಕಸವಲ್ಲ. ಬಿಸಿ ಎಂಜಿನ್ ಆರಿಸಿದ ಕೂಡಲೇ ತಂಪಾಗುವುದಿಲ್ಲ, ಒಳಗಿನ ಕಾವು ಸ್ವಲ್ಪ ಹೊತ್ತು ಏರುತ್ತಲೇ ಇರುತ್ತದೆ. ಇಂಜೆಕ್ಟರ್ ತುದಿಯಲ್ಲಿ ಉಳಿದ ಪೆಟ್ರೋಲಿನ ಹಗುರ ಭಾಗ ಆ ಕಾವಿಗೆ ಹಾರಿಹೋಗಿ, ಭಾರದ ಭಾಗ ವಾರ್ನಿಷಿನಂತೆ ಅಂಟುತ್ತದೆ. ಸಾವಿರ ಸಲ ಆರಿಸಿದರೆ ಸಾವಿರ ಪದರ. ಈಗ ನಮ್ಮ ಓಡಾಟ ನೆನೆಸಿಕೊಳ್ಳಿ: ತೋಟದ ಮನೆಯಿಂದ ಪೇಟೆಗೆ ನಾಲ್ಕು ಕಿಲೋಮೀಟರ್, ಅದರಲ್ಲಿ ಎರಡು ಒಂದನೇ ಗೇರಿನ ಮಣ್ಣಿನ ದಾರಿ. ಸೊಸೈಟಿ ಮುಂದೆ ಆರಿಸು, ಮೆಡಿಕಲ್ ಮುಂದೆ ಆರಿಸು, ಸ್ಕೂಲ್ ಗೇಟಿನಲ್ಲಿ ಆರಿಸು. ಬೆಂಗಳೂರಿನ ಹೈವೇಯಲ್ಲಿ ಐವತ್ತು ಸಾವಿರ ಓಡಿದ ಕಾರಿಗಿಂತ ನಾಪೋಕ್ಲು ಸುತ್ತಮುತ್ತ ಇಪ್ಪತ್ತು ಸಾವಿರ ಓಡಿದ ಕಾರಿನ ಇಂಜೆಕ್ಟರ್ ಹೆಚ್ಚು ಕೊಳೆಯಾಗಿದ್ದರೆ ನನಗೇನೂ ಆಶ್ಚರ್ಯವಿಲ್ಲ.

ಜೊತೆಗೆ ತೇವ. 2023ರ ಫೆಬ್ರವರಿಯಲ್ಲಿ ಬೆಂಗಳೂರಿನಲ್ಲೇ ಬಿಡುಗಡೆಯಾದ ಇ20 ಪೆಟ್ರೋಲ್‌ನಲ್ಲಿ ಶೇ. 20 ಎಥನಾಲ್ ಇದೆ. ಎಥನಾಲ್‌ಗೆ ನೀರೆಂದರೆ ಪ್ರೀತಿ. ಗಾಳಿಯ ತೇವವನ್ನು ಹೀರಿಕೊಳ್ಳುತ್ತದೆ. ನೀರು ಮಿತಿ ಮೀರಿದರೆ ಎಥನಾಲ್ ಪೆಟ್ರೋಲನ್ನು ಬಿಟ್ಟು ನೀರಿನ ಜೊತೆ ಟ್ಯಾಂಕಿನ ತಳ ಸೇರುತ್ತದೆ. ಹಾಗೆ ಬೇರೆಯಾದದ್ದನ್ನು ಯಾವ ಕ್ಲೀನರ್ ಬಾಟಲಿಯೂ ಮತ್ತೆ ಬೆರೆಸುವುದಿಲ್ಲ. ಟ್ಯಾಂಕ್ ಇಳಿಸಿ ಬರಿದು ಮಾಡುವುದೊಂದೇ ದಾರಿ.

ಮೈಲೇಜ್ ಬಗ್ಗೆಯೂ ಇಲ್ಲೇ ಹೇಳಿಬಿಡುತ್ತೇನೆ. ಲೀಟರಿಗೆ ಲೀಟರ್ ಹೋಲಿಸಿದರೆ ಎಥನಾಲ್‌ನ ಶಕ್ತಿ ಪೆಟ್ರೋಲ್‌ಗಿಂತ ಮೂರನೇ ಒಂದು ಪಾಲು ಕಡಿಮೆ. ಅಂದರೆ ಶುದ್ಧ ಪೆಟ್ರೋಲ್‌ಗಿಂತ ಇ20ರಲ್ಲಿ ನೂರಕ್ಕೆ ಆರೇಳು ಪಾಲು ಶಕ್ತಿ ಕಮ್ಮಿ. ಆ ಇಳಿಕೆ ಕೊಳೆಯಿಂದ ಬಂದದ್ದಲ್ಲ, ಬಾಟಲಿಯಿಂದ ವಾಪಸ್ ಬರುವುದೂ ಇಲ್ಲ.

ಮೊದಲು ರೋಗ ಯಾವುದು ನೋಡಿ

ಡ್ಯಾಶ್‌ಬೋರ್ಡಿನಲ್ಲಿ ಎಂಜಿನ್ ಚಿತ್ರದ ಹಳದಿ ದೀಪ ಉರಿಯುತ್ತಿದ್ದರೆ ಬಾಟಲಿಯ ಮಾತೇ ಬೇಡ, ಸ್ಕ್ಯಾನರ್ ಹಾಕಿಸಿ ಕೋಡ್ ಓದಿಸಿ. ದೀಪ ಮಿಣುಕುತ್ತಿದ್ದರೆ ಗಾಡಿಯನ್ನು ಪಕ್ಕಕ್ಕೆ ಹಾಕಿ. ಯಾವುದೋ ಸಿಲಿಂಡರ್ ಉರಿಯುತ್ತಿಲ್ಲ, ಉರಿಯದ ಪೆಟ್ರೋಲ್ ಸೈಲೆನ್ಸರ್ ದಾರಿಯಲ್ಲಿರುವ ಕ್ಯಾಟಲಿಟಿಕ್ ಕನ್ವರ್ಟರಿಗೆ ಹೋಗಿ ಅದನ್ನು ಸುಡುತ್ತಿದೆ ಎಂದರ್ಥ. ಆ ಭಾಗದ ಬೆಲೆ ಕೇಳಿದರೆ ಎರಡು ಮೂಟೆ ಕಾಫಿ ನೆನಪಾಗುತ್ತದೆ.

ದೀಪ ಇಲ್ಲವೆಂದರೆ ಏರ್ ಫಿಲ್ಟರ್ ಬಿಚ್ಚಿ ನೋಡಿ. ಮಳೆಗಾಲದಲ್ಲಿ ನಿಂತ ಗಾಡಿಯಲ್ಲಿ ಇಲಿ ಗೂಡು ಕಟ್ಟಿರುವುದು ಇಲ್ಲಿ ಜೋಕ್ ಅಲ್ಲ; ನಾನು ಒಮ್ಮೆ ಫಿಲ್ಟರ್ ಡಬ್ಬಿಯಿಂದ ಒಂದು ಬೊಗಸೆ ಅಡಿಕೆ ಸಿಪ್ಪೆ ತೆಗೆದಿದ್ದೇನೆ. ವೈರು ಕಡಿದಿದೆಯೇ ಅದನ್ನೂ ನೋಡಿ. ಆಮೇಲೆ ಸ್ಪಾರ್ಕ್ ಪ್ಲಗ್, ಕಾಯಿಲ್, ಬ್ಯಾಟರಿ. ಎಂಜಿನ್ನಿಗೆ ಗಾಳಿ ಬಿಡುವ ಥ್ರಾಟಲ್ ಬಾಡಿಗೆ ಕಪ್ಪು ಹಿಡಿದಿದ್ದರೆ ಐಡ್ಲಿಂಗ್ ನಿಲ್ಲುವುದಿಲ್ಲ, ಆದರೆ ಅದರ ಮೂಲಕ ಹೋಗುವುದು ಬರೀ ಗಾಳಿ. ಟ್ಯಾಂಕಿಗೆ ಹಾಕಿದ್ದು ಅಲ್ಲಿಗೆ ತಲುಪುವುದೇ ಇಲ್ಲ. ಅದಕ್ಕೆ ಬೇರೆ ಸ್ಪ್ರೇ ಇದೆ, ಬಟ್ಟೆ ಹಿಡಿದು ಒರೆಸುವ ಕೆಲಸ.

ಒಂದು ಸುಲಭ ಪರೀಕ್ಷೆ: ನಿಮಗೆ ಇಂಧನದ ಮೇಲೇ ಅನುಮಾನವಿದ್ದರೆ ಮೆಕ್ಯಾನಿಕ್ ಹತ್ತಿರ ಸ್ವಲ್ಪ ತೆಗೆಸಿ, ಬಿಳಿ ಗಾಜಿನ ಬಾಟಲಿಯಲ್ಲಿ ಮುಚ್ಚಳ ಹಾಕಿ ರಾತ್ರಿಯಿಡೀ ಅಲ್ಲಾಡಿಸದೆ ಇಡಿ. ಬೆಳಿಗ್ಗೆ ತಳದಲ್ಲಿ ಬೇರೆ ಪದರ ಕಂಡರೆ ಅದು ನೀರು. ಕೆಂಪು ಪುಡಿ ಕಂಡರೆ ತುಕ್ಕು. ಬಂಕಿನಲ್ಲೇ ಅನುಮಾನ ಬಂದರೆ ಫಿಲ್ಟರ್ ಪೇಪರ್ ಕೇಳಿ, ಕೊಡಲೇಬೇಕು. ಒಂದು ಹನಿ ಪೆಟ್ರೋಲ್ ಬಿಟ್ಟರೆ ಕಲೆ ಉಳಿಯದೆ ಆರಿಹೋಗಬೇಕು.

ಇದೆಲ್ಲ ಸರಿಯಿದ್ದೂ ಗಾಡಿ ತಿಂಗಳುಗಟ್ಟಲೆ ನಿಧಾನವಾಗಿ ಮಂಕಾಗುತ್ತಾ ಬಂದಿದ್ದರೆ, ಐಡ್ಲಿಂಗ್‌ನಲ್ಲಿ ಸಣ್ಣ ನಡುಕವಿದ್ದರೆ, ಆಕ್ಸಿಲರೇಟರ್ ಒತ್ತಿದಾಗ ಒಂದು ಕ್ಷಣ ಯೋಚಿಸಿ ಎಳೆಯುತ್ತಿದ್ದರೆ ಬಾಟಲಿಗೆ ಅರ್ಥವಿದೆ. ನಿಧಾನವಾಗಿ ಎಂಬುದು ಇಲ್ಲಿ ಮುಖ್ಯ. ನಿನ್ನೆ ಚೆನ್ನಾಗಿದ್ದು ಇಂದು ಹಠಾತ್ತಾಗಿ ಕೆಟ್ಟರೆ ಅದು ಕೊಳೆಯ ಕೆಲಸವಲ್ಲ.

ನಿಮ್ಮ ಎಂಜಿನ್ ಯಾವ ಜಾತಿಯದು

ಸ್ವಿಫ್ಟ್, ವ್ಯಾಗನ್ ಆರ್ ತರದ ಮಾಮೂಲಿ ಪೆಟ್ರೋಲ್ ಕಾರುಗಳಲ್ಲಿ ಇಂಜೆಕ್ಟರ್ ಸಿಲಿಂಡರಿನ ಹೊರಗಿದ್ದು, ಗಾಳಿ ಒಳಬಿಡುವ ಇನ್‌ಟೇಕ್ ವಾಲ್ವ್‌ನ ಬೆನ್ನಿನ ಮೇಲೆ ಸಿಂಪಡಿಸುತ್ತದೆ. ಕ್ಲೀನರ್ ಬೆರೆತ ಪೆಟ್ರೋಲ್ ಇಂಜೆಕ್ಟರನ್ನೂ ತೊಳೆಯುತ್ತದೆ, ವಾಲ್ವನ್ನೂ ತೊಳೆಯುತ್ತದೆ. ಬಾಟಲಿಗೆ ಹೇಳಿ ಮಾಡಿಸಿದ ಎಂಜಿನ್ ಇದು.

ಪೆಟ್ರೋಲ್ ಥಾರ್‌ನ ಎಮ್‌ಸ್ಟಾಲಿಯನ್ ಟಿಜಿಡಿಐ, ಸ್ಕೋಡಾ ಮತ್ತು ಫೋಕ್ಸ್‌ವ್ಯಾಗನ್‌ನ ಟಿಎಸ್‌ಐ, ಹುಂಡೈ ಮತ್ತು ಕಿಯಾದ ಟರ್ಬೊ ಜಿಡಿಐ ಇವುಗಳಲ್ಲಿ ಇಂಜೆಕ್ಟರ್ ನೇರ ಸಿಲಿಂಡರಿನೊಳಗೇ ಚಿಮ್ಮಿಸುತ್ತದೆ. ವಾಲ್ವ್‌ನ ಬೆನ್ನಿಗೆ ಪೆಟ್ರೋಲ್ ಸೋಕುವುದೇ ಇಲ್ಲ. ಆದ್ದರಿಂದ ಬಾಟಲಿಯಿಂದ ಇಂಜೆಕ್ಟರ್ ತುದಿ ಮತ್ತು ಸಿಲಿಂಡರ್ ಒಳಭಾಗ ಸ್ವಚ್ಛವಾಗಬಹುದು, ವಾಲ್ವ್ ಮೇಲಿನ ಕಾರ್ಬನ್ ಹಾಗೇ ಉಳಿಯುತ್ತದೆ. ಅಂಥ ಕಾರಿಗೆ "ವಾಲ್ವ್ ಕ್ಲೀನ್ ಆಗ್ತದೆ" ಅಂತ ಯಾರಾದರೂ ಬಾಟಲಿ ಮಾರಿದರೆ ನಕ್ಕು ಸುಮ್ಮನಾಗಿ.

ಯಾವ ಬಾಟಲಿ

ಲೇಬಲ್ಲಿನಲ್ಲಿ ನೋಡಬೇಕಾದ ಹೆಸರು ಪಾಲಿಈಥರ್‌ಅಮೀನ್, ಚಿಕ್ಕದಾಗಿ ಪಿಇಎ. ಹೆಚ್ಚಿನ ಬಿಸಿಯಲ್ಲೂ ಕೆಡದೆ, ಗಟ್ಟಿ ಕಾರ್ಬನನ್ನು ಬಿಡಿಸಿ ತಾನೂ ಉರಿದುಹೋಗುವ ಗುಣ ಇದಕ್ಕಿದೆ. ಪಿಐಬಿಎ ಎಂಬ ಇನ್ನೊಂದು ಜಾತಿ ಕೊಳೆ ಕೂರದಂತೆ ತಡೆಯುವುದರಲ್ಲಿ ಒಳ್ಳೆಯದು, ಕೂತದ್ದನ್ನು ಕೀಳುವುದರಲ್ಲಿ ಹಿಂದೆ. ಲೇಬಲ್ಲಿನಲ್ಲಿ ಏನೂ ಬರೆಯದೆ ಬರೀ ಬೆಂಕಿ ಹೊತ್ತಿದ ಕಾರಿನ ಚಿತ್ರವಿದ್ದರೆ ಅದು ಸೀಮೆಎಣ್ಣೆಯಂಥ ದ್ರಾವಕವೇ ಇರಬಹುದು. ಲಿಕ್ವಿ ಮೋಲಿ, ವುರ್ತ್, 3ಎಂ ಮೊದಲಾದವರ ಬಾಟಲಿಗಳು ನಮ್ಮ ದೇಶದಲ್ಲಿ ಸಿಗುತ್ತವೆ. ಕಂಪನಿಗಿಂತ ಮೂರು ಸಾಲು ಮುಖ್ಯ: ಪೆಟ್ರೋಲಿಗೋ ಡೀಸೆಲಿಗೋ, ಎಷ್ಟು ಲೀಟರಿಗೆ ಎಷ್ಟು, ಕ್ಯಾಟಲಿಟಿಕ್ ಕನ್ವರ್ಟರ್ ಮತ್ತು ಆಕ್ಸಿಜನ್ ಸೆನ್ಸರ್‌ಗೆ ತೊಂದರೆಯಿಲ್ಲವೇ. ಆಕ್ಟೇನ್ ಬೂಸ್ಟರ್ ಬೇರೆ ವಸ್ತು, ಅದನ್ನು ತರಬೇಡಿ. ಗಾಡಿ ಇನ್ನೂ ವಾರಂಟಿಯಲ್ಲಿದ್ದರೆ ಮಾಲೀಕರ ಪುಸ್ತಕದಲ್ಲಿ ಇಂಧನದ ಅಧ್ಯಾಯ ಓದಿ. ಹಾಕಬೇಡಿ ಅಂತ ಇದ್ದರೆ ಹಾಕಬೇಡಿ.

ಬಂಕಿನ ಎಕ್ಸ್‌ಪಿ95, ಸ್ಪೀಡ್, ಪವರ್ ತರದ ಪ್ರೀಮಿಯಂ ಪೆಟ್ರೋಲ್ ಹಾಕಿಸಿದರೆ ಸಾಲದೇ ಎಂದು ಕೇಳುವವರುಂಟು. ಅವುಗಳಲ್ಲೂ ತೊಳೆಯುವ ರಾಸಾಯನಿಕ ಇದೆ, ಆದರೆ ಅದು ದಿನಾ ಹಲ್ಲುಜ್ಜಿದ ಹಾಗೆ. ಬಾಟಲಿ ದಂತವೈದ್ಯರಲ್ಲಿ ಕೂತು ಕಲ್ಲು ತೆಗೆಸಿದ ಹಾಗೆ.

ಅಳತೆ

ತಪ್ಪಾಗುವುದು ಹೆಚ್ಚಾಗಿ ಇಲ್ಲಿ. ಬಾಟಲಿ 300 ಮಿ.ಲೀ., ಅದರ ಮೇಲೆ 70 ಲೀಟರ್‌ವರೆಗೆ ಎಂದಿದೆ ಅನ್ನಿ. ಈಗಿನ ಸ್ವಿಫ್ಟ್ ಟ್ಯಾಂಕ್ 37 ಲೀಟರ್. 37ನ್ನು 70ರಿಂದ ಭಾಗಿಸಿ 300ರಿಂದ ಗುಣಿಸಿದರೆ ಸುಮಾರು 160 ಮಿ.ಲೀ. ಸಾಕು. ಹೆಚ್ಚು ಹಾಕಿದರೆ ಹೆಚ್ಚು ತೊಳೆಯುತ್ತದೆ ಎಂಬುದು ಸುಳ್ಳು. ಉರಿಯದೆ ಉಳಿದ ಕ್ಲೀನರ್ ಪಿಸ್ಟನ್ ರಿಂಗ್ ದಾಟಿ ಎಂಜಿನ್ ಆಯಿಲ್‌ಗೆ ಇಳಿಯುತ್ತದೆ. ಅದಕ್ಕೇ ಆಯಿಲ್ ಬದಲಿಸುವ ಸರ್ವಿಸ್‌ಗೆ ಮುಂಚಿನ ಟ್ಯಾಂಕಿಗೆ ಹಾಕುವುದು ಜಾಣತನ. ಹೊಸ ಆಯಿಲ್ ಸುರಿದ ಮರುದಿನವಂತೂ ಬೇಡ.

ಅಳೆಯಲು ಔಷಧಿ ಅಂಗಡಿಯ 50 ಮಿ.ಲೀ. ಸಿರಿಂಜ್ ಸಾಕು. ತೋಟದಲ್ಲಿ ಮೈಲುತುತ್ತ ಅಳೆಯುವ ಲೋಟ ಕೈಗೆ ಸಿಕ್ಕಿತೆಂದು ಅದನ್ನು ತರಬೇಡಿ. ತಾಮ್ರದ ಅಂಶ ಪೆಟ್ರೋಲನ್ನು ಬೇಗ ಹಳಸಿ ಅಂಟು ಕಟ್ಟಿಸುತ್ತದೆ. ಯಾವುದನ್ನು ಬಿಡಿಸಲು ಹೊರಟಿರೋ ಅದನ್ನೇ ಸೇರಿಸಿದ ಹಾಗಾಗುತ್ತದೆ.

ಹಾಕುವ ದಿನ

ದೂರ ಪ್ರಯಾಣದ ಹಿಂದಿನ ಸಂಜೆ ಅಥವಾ ಅಂದೇ ಬೆಳಿಗ್ಗೆ ಹಾಕಿ. ಮಡಿಕೇರಿಯಿಂದ ಮೈಸೂರಿಗೆ ಸುಮಾರು 120 ಕಿಲೋಮೀಟರ್, ಹೋಗಿ ಬಂದರೆ 240. ಆನೆಕಾಡು ಇಳಿದು ಕುಶಾಲನಗರ ದಾಟಿದ ಮೇಲೆ ಬೈಲುಕುಪ್ಪೆ, ಪಿರಿಯಾಪಟ್ಟಣ, ಹುಣಸೂರು ಎಂದು ರಸ್ತೆ ಸಪಾಟು. ಎಂಜಿನ್ ಪೂರ್ತಿ ಕಾದು ಒಂದೇ ವೇಗದಲ್ಲಿ ಗಂಟೆಗಟ್ಟಲೆ ಓಡುವುದು ನಮ್ಮವರಿಗೆ ಸಿಗುವುದೇ ಅಲ್ಲಿ. ಕ್ಲೀನರ್‌ಗೆ ಬೇಕಾದದ್ದೂ ಅದೇ. ಅದನ್ನು ಹಾಕಿ ತೋಟದೊಳಗೇ ನಾಲ್ಕು ಕಿಲೋಮೀಟರಿನ ಓಡಾಟ ನಡೆಸಿದರೆ ದುಡ್ಡು ದಂಡ. ಜುಲೈ ತಿಂಗಳ ಜಡಿಮಳೆಯಲ್ಲಿ ಹಾಕಿ ಶೆಡ್ಡಿನಲ್ಲಿ ನಿಲ್ಲಿಸುವುದು ಇನ್ನೂ ಕೆಟ್ಟದ್ದು. ಕೈಲ್ಪೋಳ್ದ್ ಹಬ್ಬ ಮುಗಿದು ಮಳೆ ಇಳಿದ ಮೇಲೆ, ಹುತ್ತರಿ ಹಬ್ಬಕ್ಕೆ ಮೊದಲು ನನ್ನ ಸಮಯ.

ಟ್ಯಾಂಕ್ ಬಹುತೇಕ ಖಾಲಿಯಾಗಲಿ, ಆದರೆ ರಿಸರ್ವ್ ದೀಪ ಹತ್ತಿದ ಮೇಲೆ ಘಾಟಿ ಹತ್ತಬೇಡಿ. ಏರಿನಲ್ಲಿ ಇದ್ದ ಪೆಟ್ರೋಲೂ ಒಂದು ಮೂಲೆಗೆ ಸರಿದು ಪಂಪ್ ಗಾಳಿ ಎಳೆಯುತ್ತದೆ. ಟ್ಯಾಂಕಿನೊಳಗಿನ ಪಂಪಿಗೆ ಪೆಟ್ರೋಲೇ ತಂಪು ಕೊಡುವುದು, ಬರಿದಾದರೆ ಅದು ಸುಡುತ್ತದೆ. ಪೇಟೆಯೊಳಗಿನ ಬಂಕಿಗೆ ಕಾಲು ಟ್ಯಾಂಕಿನೊಂದಿಗೇ ಹೋದರೂ ಅಡ್ಡಿಯಿಲ್ಲ.

ಬಂಕಿನಲ್ಲಿ ಎಂಜಿನ್ ಆರಿಸಿ, ಮುಚ್ಚಳ ತೆಗೆದು, ಮೊದಲು ಅಳೆದ ಕ್ಲೀನರ್ ಸುರಿಯಿರಿ. ಆಮೇಲೆ ಫುಲ್ ಟ್ಯಾಂಕ್. ಈ ಕ್ರಮ ತಿರುವುಮುರುವು ಆಗಬಾರದು. ಮೇಲಿಂದ ರಭಸವಾಗಿ ಬೀಳುವ ಪೆಟ್ರೋಲೇ ಅದನ್ನು ಕಲಕುತ್ತದೆ. ಮೊದಲ ಸಲ ಹಿಂದಿನ ಜೀಪಿನವನು ಹಾರ್ನ್ ಹೊಡೆದ ಗಡಿಬಿಡಿಯಲ್ಲಿ ನಾನು ಅರ್ಧ ಹೊರಗೆ ಚೆಲ್ಲಿದೆ. ಉದ್ದ ಮೂತಿಯ ಲಾಳಿಕೆ ಇರಲಿ. ಬಣ್ಣದ ಮೇಲೆ ಬಿದ್ದರೆ ತಕ್ಷಣ ಒರೆಸಿ, ಇಲ್ಲವಾದರೆ ಕಲೆ ಕೂರುತ್ತದೆ. ಕೈಗೆ ಗ್ಲೌಸ್ ಹಾಕಿಕೊಳ್ಳಿ, ಬಾಯಲ್ಲಿ ಬೀಡಿ ಬೇಡವೆಂದು ಬೇರೆ ಹೇಳಬೇಕಿಲ್ಲ.

ಹೊರಟ ಮೇಲೆ ಎಂಜಿನ್ ಕಾಯುವವರೆಗೆ ಮೆಲ್ಲಗೆ ಓಡಿಸಿ. ಸಪಾಟು ರಸ್ತೆ ಸಿಕ್ಕ ಮೇಲೆ ನಾಲ್ಕನೇ, ಐದನೇ ಗೇರಿನಲ್ಲಿ ಹದವಾದ ವೇಗ. ಅಲ್ಲೊಮ್ಮೆ ಇಲ್ಲೊಮ್ಮೆ ಗೇರ್ ಇಳಿಸಿ ಸ್ವಲ್ಪ ಜೋರಾಗಿ ಎಳೆಸಿದರೆ ತಪ್ಪಿಲ್ಲ, ರೇಸ್ ಬೇಡ. ನಡುವೆ ಇನ್ನೂರು ರೂಪಾಯಿ, ಐನೂರು ರೂಪಾಯಿ ಪೆಟ್ರೋಲ್ ಸೇರಿಸಬೇಡಿ, ಮಿಶ್ರಣ ತೆಳ್ಳಗಾಗುತ್ತದೆ. ಆ ಟ್ಯಾಂಕ್ ಒಂದೆರಡು ವಾರದೊಳಗೆ ರಿಸರ್ವ್ ಹತ್ತಿರ ಬರಬೇಕು. ಆಮೇಲೆ ಮಾಮೂಲಿ ಪೆಟ್ರೋಲ್.

ಫಲ ನೋಡಲು ಹಾಕುವ ಮೊದಲೇ ಒಂದು ಫುಲ್‌ನಿಂದ ಇನ್ನೊಂದು ಫುಲ್‌ವರೆಗಿನ ಮೈಲೇಜ್ ಬರೆದಿಡಿ, ಅದೇ ಬಂಕ್, ಅದೇ ರಸ್ತೆ. ನನ್ನ ಅಳತೆಗೋಲು ಇನ್ನೊಂದಿದೆ: ನಮ್ಮ ಮನೆಯ ಏರನ್ನು ಎರಡನೇ ಗೇರಿನಲ್ಲೇ ಹತ್ತುತ್ತದೆಯೇ, ಒಂದಕ್ಕೆ ಇಳಿಸಬೇಕೇ. ಏನೂ ಬದಲಾಗದಿದ್ದರೆ ತೊಳೆಯುವಷ್ಟು ಕೊಳೆ ಇರಲಿಲ್ಲ ಅಥವಾ ತೊಂದರೆ ಬೇರೆ ಕಡೆ ಇದೆ. ಎರಡನೇ ಬಾಟಲಿ ತರುವ ಬದಲು ಇಂಜೆಕ್ಟರ್ ಕಳಚಿ ಅಲ್ಟ್ರಾಸೋನಿಕ್ ತೊಟ್ಟಿಯಲ್ಲಿ ತೊಳೆಸಿ, ಬೆಂಚಿನ ಮೇಲೆ ಸಿಂಪಡಣೆ ನೋಡಿಸಿ.

ಡೀಸೆಲ್ ಗಾಡಿಯ ಮಾತೇ ಬೇರೆ

ಪಿಕಪ್, ಜೀಪು, ಬೊಲೆರೊ, 2020ಕ್ಕೆ ಮುಂಚಿನ ಡೀಸೆಲ್ ಸ್ವಿಫ್ಟ್ ಇಲ್ಲಿ ಇನ್ನೂ ಬೇಕಾದಷ್ಟಿವೆ. ಎಲ್ಲ ಇಂಜೆಕ್ಟರಿಗೂ ಒಂದೇ ಪೈಪಿನಿಂದ ಭಾರೀ ಒತ್ತಡದಲ್ಲಿ ಡೀಸೆಲ್ ಕೊಡುವ ಕಾಮನ್ ರೈಲ್ ಎಂಜಿನ್ನಿನಲ್ಲಿ ಅದು 1,600 ಬಾರ್ ದಾಟುತ್ತದೆ, ಮಾಮೂಲಿ ಪೆಟ್ರೋಲ್ ಇಂಜೆಕ್ಟರಿನಲ್ಲಿ ಅದು ಮೂರು ನಾಲ್ಕು ಬಾರ್ ಮಾತ್ರ. ನಾಝಲ್ ತೂತು ಕೂದಲೆಳೆಯಷ್ಟು. ಅಂಥ ಕಡೆ ಒಂದು ಹನಿ ನೀರು ಹೋದರೂ ಲೋಹ ತಿಂದುಹೋಗುತ್ತದೆ. ಆದ್ದರಿಂದ ಡೀಸೆಲ್‌ನಲ್ಲಿ ಬಾಟಲಿಗಿಂತ ಮೊದಲು ನೀರು.

ಸ್ಪ್ರಿಂಕ್ಲರ್ ಪಂಪಿಗೆಂದು ತೋಟದಲ್ಲಿ ಬ್ಯಾರಲ್ ಇಟ್ಟವರು ಅದರಿಂದಲೇ ಜೀಪಿಗೂ ಹಾಕುತ್ತಾರೆ. ನಿಲ್ಲಿಸಿದ ಬ್ಯಾರಲಿನ ಮೇಲ್ಮೈಯಲ್ಲಿ ಮಳೆನೀರು ನಿಲ್ಲುತ್ತದೆ. ಹಗಲು ಕಾದು ರಾತ್ರಿ ತಣಿದಾಗ ಬ್ಯಾರಲ್ ಉಸಿರೆಳೆದು ಆ ನೀರನ್ನು ಬಿರಡೆಯ ಸಂದಿನಿಂದ ಒಳಕ್ಕೆ ಹೀರುತ್ತದೆ. ನೀರು ಮತ್ತು ಡೀಸೆಲ್ ಸೇರುವ ಗಡಿಯಲ್ಲಿ ಸೂಕ್ಷ್ಮಜೀವಿ ಬೆಳೆದು ಕಪ್ಪು ಲೋಳೆಯಾಗುತ್ತದೆ. ಪಕ್ಕದ ತೋಟದ ಅಣ್ಣನ ಜೀಪಿನ ಫಿಲ್ಟರ್ ಬಿಚ್ಚಿದಾಗ ಒಳಗೆ ಕಂಡದ್ದು ಅದೇ, ಥೇಟು ಕೊಳೆತ ಪಾಚಿ. ಬ್ಯಾರಲನ್ನು ಸೂರಿನ ಕೆಳಗೆ ಸ್ವಲ್ಪ ವಾಲಿಸಿ ಇಡಿ, ಬಿರಡೆ ಎತ್ತರದ ಬದಿಗಿರಲಿ, ತಳದ ನಾಲ್ಕು ಬೆರಳು ಡೀಸೆಲನ್ನು ಗಾಡಿಗೆ ಹಾಕಬೇಡಿ.

ಕ್ಲೀನರ್ ಹಾಕುವ ಮೊದಲು ಡೀಸೆಲ್ ಫಿಲ್ಟರಿನ ಅಡಿಯ ಸ್ಕ್ರೂ ಸಡಿಲಿಸಿ ನೀರು ಇಳಿಸಿ, ಗಾಜಿನ ಬಾಟಲಿಯಲ್ಲಿ ಹಿಡಿಯಿರಿ. ಶುದ್ಧ ಡೀಸೆಲ್ ಬರುವವರೆಗೆ ಬಿಟ್ಟು ಬಿಗಿಮಾಡಿ, ಕೈಪಂಪ್ ಒತ್ತಿ ಗಾಳಿ ತೆಗೆಯಿರಿ. ಹಳೇ ಗಾಡಿಯಾದರೆ ಹೊಸ ಫಿಲ್ಟರ್ ಒಂದು ಕೈಯಲ್ಲಿರಲಿ, ಏಕೆಂದರೆ ಕ್ಲೀನರ್ ಟ್ಯಾಂಕಿನ ತಳದ ವರ್ಷಗಟ್ಟಲೆಯ ಕೆಸರನ್ನೂ ಎಬ್ಬಿಸಿ ಫಿಲ್ಟರಿಗೆ ತಳ್ಳುತ್ತದೆ. ಮಾಕುಟ್ಟ ಘಾಟಿಯ ನಡುವೆ ಗಾಡಿ ನಿಂತರೆ ಮೊಬೈಲ್ ಸಿಗ್ನಲ್ಲೂ ಸಿಗುವುದು ಕಷ್ಟ. ಬೊಲೆರೊದಂಥ 60 ಲೀಟರ್ ಟ್ಯಾಂಕಿಗೆ ಲೆಕ್ಕ ಮೇಲೆ ಹೇಳಿದಂತೆಯೇ, ಬಾಟಲಿ ಮಾತ್ರ ಡೀಸೆಲಿನದೇ ಇರಬೇಕು. ಹಿಂದೆ ಡ್ರೈವರ್‌ಗಳು ಡೀಸೆಲ್‌ಗೆ ಒಂದಿಷ್ಟು ಪೆಟ್ರೋಲ್ ಬೆರೆಸಿ "ನಾಝಲ್ ಕ್ಲೀನ್" ಮಾಡುತ್ತಿದ್ದರು. ಕಾಮನ್ ರೈಲ್ ಪಂಪಿಗೆ ಡೀಸೆಲೇ ಜಿಡ್ಡು. ಪೆಟ್ರೋಲ್ ಬೆರೆಸಿದರೆ ಪಂಪ್ ಸವೆದು ಲೋಹದ ಪುಡಿ ನಾಝಲ್‌ವರೆಗೂ ಹೋಗುತ್ತದೆ.

ಸ್ವಲ್ಪ ಹೊಗೆಯನ್ನು ಮತ್ತೆ ಎಂಜಿನ್ನಿಗೆ ಕಳಿಸುವ ಇಜಿಆರ್‌ನ ಮಸಿ ಬಾಟಲಿಗೆ ಸಿಗುವುದಿಲ್ಲ. ಹೊಗೆಯ ಮಸಿ ಹಿಡಿಯುವ ಫಿಲ್ಟರಿನ, ಅಂದರೆ ಡಿಪಿಎಫ್ ದೀಪ ಹತ್ತಿದರೂ ಈ ಬಾಟಲಿ ಉತ್ತರವಲ್ಲ. ಕುಶಾಲನಗರದಾಚೆಯ ಅದೇ ಸಪಾಟು ರಸ್ತೆಯಲ್ಲಿ ಅರ್ಧ ಗಂಟೆ ಒಂದೇ ಸಮ ಓಡಿಸಿದರೆ ಎಷ್ಟೋ ಸಲ ದೀಪ ತಾನೇ ಆರುತ್ತದೆ.

ಹಳೇ ಕಾರ್ಬುರೇಟರ್ ಗಾಡಿ

ಮಾರುತಿ 800, ಓಮ್ನಿ, ಜಿಪ್ಸಿಯನ್ನು ಇನ್ನೂ ಮುದ್ದಿನಿಂದ ಇಟ್ಟುಕೊಂಡವರಿದ್ದಾರೆ. ಇವುಗಳ ಜೆಟ್, ಅಂದರೆ ಪೆಟ್ರೋಲ್ ಹೋಗುವ ಸಣ್ಣ ತೂತು ಕಟ್ಟಿದರೆ ಬಿಚ್ಚಿ, ಕಾರ್ಬುರೇಟರ್ ಸ್ಪ್ರೇ ಹೊಡೆದು, ಗಾಳಿ ಊದಿಸುವುದೇ ಸರಿ. ಎಥನಾಲ್ ಪೆಟ್ರೋಲ್‌ಗೆ ಹಳೇ ರಬ್ಬರ್ ಪೈಪ್ ಮೆತ್ತಗಾಗಿ ಬಿರಿಯುತ್ತದೆ, ಆ ಖರ್ಚನ್ನು ಮೊದಲು ಮಾಡಿ. ಕಳೆ ಕೊಚ್ಚುವ ಮಷೀನಿಗೆ ಉಳಿದ ಕ್ಲೀನರ್ ಸುರಿಯುವ ಆಸೆ ಬೇಡ. ಸೀಸನ್ ಮುಗಿದ ಮೇಲೆ ಅದರ ಟ್ಯಾಂಕ್ ಬರಿದು ಮಾಡಿ ಇಟ್ಟರಾಯಿತು.

ಎಷ್ಟು ಸಲ, ಮತ್ತು ಉಳಿದ ಅರ್ಧ ಬಾಟಲಿ

ಗಿಡ್ಡ ಓಡಾಟದ ಗಾಡಿಗೆ ವರ್ಷಕ್ಕೊಮ್ಮೆ ಅಥವಾ ಹತ್ತು ಸಾವಿರ ಕಿಲೋಮೀಟರಿಗೊಮ್ಮೆ ಸಾಕು. ವಾರಕ್ಕೊಮ್ಮೆ ಮೈಸೂರು ಕಾಣುವ ಕಾರಿಗೆ ಅಷ್ಟೂ ಬೇಡ. ಮಳೆಗಾಲಕ್ಕೆ ಪೆಟ್ರೋಲ್ ಕಾರನ್ನು ನಿಲ್ಲಿಸುವುದಾದರೆ ಮೇ ಕೊನೆಯಲ್ಲಿ ಟ್ಯಾಂಕ್ ತುಂಬಿಸಿ ನಿಲ್ಲಿಸಿ. ಖಾಲಿ ಜಾಗ ಕಡಿಮೆಯಿದ್ದಷ್ಟೂ ಒಳಗೆ ಪಸೆ ಹನಿಯುವುದು ಕಡಿಮೆ. ಸಾಧ್ಯವಾದರೆ ಎರಡು ವಾರಕ್ಕೊಮ್ಮೆ ಹೊರತೆಗೆದು ಚೆನ್ನಾಗಿ ಕಾಯುವಷ್ಟು ದೂರ ಓಡಿಸಿ.

ಉಳಿದ ಅರ್ಧ ಬಾಟಲಿಯ ಮುಚ್ಚಳ ಬಿಗಿಯಾಗಿ ಹಾಕಿ, ತೆರೆದ ತಾರೀಕು ಬರೆದು, ಬಚ್ಚಲ ಒಲೆಯಿಂದ ದೂರ, ಮಕ್ಕಳ ಕೈಗೆಟುಕದ ಹಲಗೆಯ ಮೇಲೆ ನೇರವಾಗಿ ನಿಲ್ಲಿಸಿ. ಬೇರೆ ಬಾಟಲಿಗೆ ಮಾತ್ರ ಬಗ್ಗಿಸಬೇಡಿ. ನಾನು ಒಮ್ಮೆ ಮುಚ್ಚಳ ಒಡೆಯಿತೆಂದು ಖಾಲಿ ಜೇನು ಬಾಟಲಿಗೆ ಹಾಕಿಟ್ಟಿದ್ದೆ. ಬಣ್ಣವೂ ಹೆಚ್ಚುಕಡಿಮೆ ಅದೇ. ದೋಸೆ ತಟ್ಟೆಯ ಪಕ್ಕಕ್ಕೆ ಬರುವ ಹೊತ್ತಿಗೆ ವಾಸನೆ ಹಿಡಿದು ನಮ್ಮಮ್ಮ ಕೂಗಿದ್ದು ತೋಟದ ಕೆಲಸದವರ ಲೈನ್ ಮನೆಯವರೆಗೂ ಕೇಳಿಸಿತ್ತಂತೆ.